ಒಂದೇ ಔಷಧ, ಮೂರು ಸಿರಿಂಜ್: ನನ್ನ ಅನುಭವ

ಅಡಾಲಿಮುಮ್ಯಾಬ್ ಅಂದರೆ ಸಂಧಿವಾತ, ಸೋರಿಯಾಸಿಸ್, ಕ್ರೋನ್ಸ್ ಕಾಯಿಲೆಗೆ ಕೊಡುವ ಇಂಜೆಕ್ಷನ್. 2002ರ ಕೊನೆಯಲ್ಲಿ ಅಮೆರಿಕದಲ್ಲಿ ಹ್ಯೂಮಿರಾ ಎಂಬ ಹೆಸರಿನಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಆಮೇಲೆ ಬೇರೆ ಕಂಪನಿಗಳೂ ಇದರಂತೆಯೇ ಇರುವ ಬಯೋಸಿಮಿಲರ್‌ಗಳನ್ನು ತಯಾರಿಸಿದವು. ಹೊಸದೂ ಹಳೆಯದೂ ದೇಹದೊಳಗೆ ಒಂದೇ ಥರ ನಡೆದುಕೊಳ್ಳುತ್ತವೆಯೇ ಎಂದು ಆರೋಗ್ಯವಂತರಲ್ಲಿ ನೋಡುವ ಅಧ್ಯಯನಗಳಲ್ಲಿ ನಾನು ಡಾಕ್ಟರ್ ಆಗಿ ಕೆಲಸ ಮಾಡಿದ್ದೇನೆ.

ಅಂಥ ಒಂದು ಅಧ್ಯಯನದಲ್ಲಿ ಮೂರು ಗುಂಪು ಮಾಡಿದ್ದೆವು. ಒಂದಕ್ಕೆ ಹೊಸ ಔಷಧ, ಇನ್ನೊಂದಕ್ಕೆ ಅಮೆರಿಕದಲ್ಲಿ ಮಾರುವ ಮೂಲ ಔಷಧ, ಮತ್ತೊಂದಕ್ಕೆ ಯುರೋಪಿನಲ್ಲಿ ಮಾರುವ ಮೂಲ ಔಷಧ. ಎಲ್ಲರಿಗೂ 40 ಮಿಲಿಗ್ರಾಂ, ಒಂದೇ ಸಲ.

‘ಡಾಕ್ಟ್ರೇ, ನನಗೇನೂ ಕಾಯಿಲೆ ಇಲ್ವಲ್ಲ, ನನಗ್ಯಾಕೆ ಈ ಇಂಜೆಕ್ಷನ್?’ ಈ ಪ್ರಶ್ನೆ ಬಂದರೆ ನನಗೆ ಖುಷಿ. ಕೇಳದವರ ಬಗ್ಗೆಯೇ ನನಗೆ ಚಿಂತೆ ಜಾಸ್ತಿ. ರೋಗಿಗಳಲ್ಲಿ ಕಾಯಿಲೆಯ ತೀವ್ರತೆ ಒಬ್ಬೊಬ್ಬರಿಗೆ ಒಂದೊಂದು ಥರ. ಜೊತೆಗೆ ಬೇರೆ ಮಾತ್ರೆಗಳೂ ಇರುತ್ತವೆ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಔಷಧ ತೆಗೆದುಕೊಳ್ಳುವವರ ದೇಹದಿಂದ ಈ ಔಷಧ ನಿಧಾನವಾಗಿ ಹೊರಹೋಗುತ್ತದೆ. ಇದೆಲ್ಲ ಸೇರಿಕೊಂಡರೆ ಎರಡು ಔಷಧಗಳ ನಡುವಿನ ಸಣ್ಣ ವ್ಯತ್ಯಾಸ ಕಾಣುವುದೇ ಇಲ್ಲ. ಆರೋಗ್ಯವಂತರಲ್ಲಿ ಅದು ಕಾಣುತ್ತದೆ. ಆದರೆ ಇದರಿಂದ ಅವರ ಆರೋಗ್ಯಕ್ಕೆ ಏನೂ ಲಾಭವಿಲ್ಲ. ಅದನ್ನು ನೇರವಾಗಿ ಹೇಳುತ್ತೇನೆ. ಒಪ್ಪಿಗೆ ಪತ್ರ ಓದಿಸಿದ ಮೇಲೆ, ಅವರ ಮಾತಲ್ಲೇ ನನಗೆ ವಾಪಸ್ ವಿವರಿಸಿ ಎನ್ನುತ್ತೇನೆ. ಆಮೇಲೆಯೇ ಸಹಿ. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು, ಕಾರಣ ಹೇಳಬೇಕಾಗಿಲ್ಲ.

ಆಯ್ಕೆಯಲ್ಲಿ ನಾನು ಒಂಚೂರೂ ಬಿಗಿ ಸಡಿಲಿಸದ ವಿಷಯ ಟಿಬಿ. ಈ ಔಷಧ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುತ್ತದೆ. ದೇಹದಲ್ಲಿ ಅಡಗಿರುವ ಟಿಬಿಯನ್ನು ಹತೋಟಿಯಲ್ಲಿ ಇಡುವುದಕ್ಕೆ ಬೇಕಾದದ್ದೂ ಅದೇ ಪ್ರೋಟೀನ್. ಹಾಗಾಗಿ ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ ಎರಡೂ ಆಗಲೇಬೇಕು. ಹೆಪಟೈಟಿಸ್ ಬಿ, ಎಚ್‌ಐವಿ ಪರೀಕ್ಷೆಯೂ ಆಗುತ್ತದೆ. ಸ್ವಲ್ಪ ಅನುಮಾನ ಬಂದರೂ ಸೇರಿಸಿಕೊಳ್ಳುವುದಿಲ್ಲ.

ಒಬ್ಬರಿಗೇ ಒಂದಾದ ಮೇಲೆ ಒಂದು ಔಷಧ ಕೊಟ್ಟು ಹೋಲಿಸಬಹುದಲ್ವಾ? ಇನ್ಸುಲಿನ್ ಆದರೆ ಹಾಗೆಯೇ ಮಾಡುತ್ತೇವೆ, ಅದು ಬೇಗ ಹೊರಹೋಗುತ್ತದೆ. ಅಡಾಲಿಮುಮ್ಯಾಬ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಎರಡು ವಾರ ಬೇಕು. ಪೂರ್ತಿ ಖಾಲಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಕೆಲವರ ದೇಹ ಈ ಔಷಧದ ವಿರುದ್ಧವೇ ಪ್ರತಿಕಾಯ ತಯಾರಿಸಿರುತ್ತದೆ. ಆಗ ಎರಡನೇ ಇಂಜೆಕ್ಷನ್‌ನ ಲೆಕ್ಕ ಹಾಳು. ಅದಕ್ಕೇ ಒಬ್ಬರಿಗೆ ಒಂದೇ. ಆದರೆ ಹಾಗೆ ಮಾಡಿದಾಗ ಮನುಷ್ಯರ ನಡುವಿನ ವ್ಯತ್ಯಾಸ ಲೆಕ್ಕದೊಳಗೆ ಬರುತ್ತದೆ, ಅದರಲ್ಲೂ ತೂಕ. ಹೆಚ್ಚು ತೂಕದವರ ರಕ್ತದಲ್ಲಿ ಮಟ್ಟ ಕಡಿಮೆ ಬರುತ್ತದೆ. ಆದ್ದರಿಂದ ತೂಕ ನೋಡಿಯೇ ಮೂರೂ ಗುಂಪಿಗೆ ಸಮನಾಗಿ ಹಂಚಿದೆವು.

ಇಂಜೆಕ್ಷನ್ ಕೊಡುವ ದಿನ ನನ್ನ ಗಮನವೆಲ್ಲ ನರ್ಸ್‌ಗಳ ಕೈ ಮೇಲೆ. ಹೊಟ್ಟೆಯ ಚರ್ಮದ ಅಡಿಗೆ, ಒಂದೇ ಕೋನದಲ್ಲಿ, ಔಷಧ ಪೂರ್ತಿ ಹೋದ ಮೇಲೂ ಸೂಜಿಯನ್ನು ಸ್ವಲ್ಪ ಹೊತ್ತು ಒಳಗೇ ಇಟ್ಟು. ಚರ್ಮದ ಮೇಲೆ ಹನಿ ಉಳಿದರೆ ಅದನ್ನೂ ಬರೆದಿಡಬೇಕು. ಸಿರಿಂಜ್‌ಗಳು ನೋಡಲು ಬೇರೆ ಬೇರೆ. ಹಾಗಾಗಿ ಚುಚ್ಚುವವರು ಬೇರೆ, ಆಮೇಲೆ ಪರೀಕ್ಷೆ ಮಾಡುವವರು ಬೇರೆ. ಯಾರಿಗೆ ಯಾವುದು ಹೋಯಿತು ಎಂದು ನನಗೂ ಗೊತ್ತಿರಲಿಲ್ಲ.

ಔಷಧದ ಮಟ್ಟ ಗರಿಷ್ಠಕ್ಕೆ ಏರುವುದು ಸುಮಾರು ಐದನೇ ದಿನಕ್ಕೆ. ಮೊದಲ ವಾರ ರಕ್ತದ ಸ್ಯಾಂಪಲ್ ಹತ್ತಿರ ಹತ್ತಿರ, ಆಮೇಲೆ ದೂರ ದೂರ. ಕಷ್ಟ ಇರುವುದು ಕೊನೆಯ ವಾರಗಳಲ್ಲಿ. ಆರಾಮಾಗಿರುವವರು ಸುಮ್ನೆ ರಕ್ತ ಕೊಡಲು ಯಾಕೆ ಬರುತ್ತಾರೆ? ನಮ್ಮ ತಂಡದವರು ಪ್ರತಿಯೊಬ್ಬರಿಗೂ ಮೊದಲೇ ಫೋನ್ ಮಾಡಿ, ಅವರ ಕೆಲಸದ ಸಮಯಕ್ಕೆ ಹೊಂದಿಸಿಕೊಂಡರು. ಪ್ರತಿಕಾಯ ಬೆಳೆದವರಲ್ಲಿ ಮಟ್ಟ ಥಟ್ಟನೆ ಕುಸಿಯುವುದು ಕಾಣುವುದು ಈ ಸ್ಯಾಂಪಲ್‌ಗಳಲ್ಲೇ.

ಇನ್ನೊಂದು ಸೂಕ್ಷ್ಮ ಇದೆ. ಸಿರಿಂಜ್ ಮೇಲೆ 40 ಎಂದಿದ್ದರೂ ಒಳಗಿರುವ ಪ್ರೋಟೀನ್ ಬ್ಯಾಚಿನಿಂದ ಬ್ಯಾಚಿಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಅದನ್ನು ಮೊದಲೇ ಅಳೆದು, ಲೆಕ್ಕ ಹೇಗೆ ಸರಿಪಡಿಸುತ್ತೇವೆ ಎಂದು ಫಲಿತಾಂಶ ತೆರೆಯುವ ಮುಂಚೆಯೇ ಬರೆದಿಡಬೇಕು. ನೋಡಿದ ಮೇಲೆ ಬರೆದರೆ ಅದಕ್ಕೆ ಬೆಲೆಯಿಲ್ಲ.

ರಕ್ತದಲ್ಲಿ ಔಷಧದ ಗರಿಷ್ಠ ಮಟ್ಟ, ರಕ್ತಕ್ಕೆ ಸೇರಿದ ಒಟ್ಟು ಪ್ರಮಾಣ, ಎರಡರಲ್ಲೂ ಹೊಸದಕ್ಕೂ ಹಳೆಯದಕ್ಕೂ ಇರುವ ಅನುಪಾತದ 90% ವಿಶ್ವಾಸ ಮಿತಿ, ಅಂದರೆ ನಿಜವಾದ ಅನುಪಾತ ಇರಬಹುದಾದ ವ್ಯಾಪ್ತಿ, 80ರಿಂದ 125 ಶೇಕಡದ ಒಳಗೆ ಬರಬೇಕು. ‘ಹಾಗಾದರೆ ಔಷಧ 20% ಕಡಿಮೆ ಇದ್ದರೂ ನಡೆಯುತ್ತಾ?’ ಎಂದು ಡಾಕ್ಟರುಗಳೇ ನನ್ನನ್ನು ಕೇಳಿದ್ದಾರೆ. ಇಲ್ಲ. ಆ ವ್ಯಾಪ್ತಿಯ ಎರಡೂ ತುದಿ 80ರಿಂದ 125ರ ಒಳಗೇ ಇರಬೇಕು. 80ಕ್ಕೆ ಅಂಟಿಕೊಂಡ ಅನುಪಾತದ ಕೆಳತುದಿ ಹೊರಗೆ ಬಿದ್ದೇ ಬೀಳುತ್ತದೆ.

ನಮ್ಮ ಮೂರು ಹೋಲಿಕೆಗಳೂ (ಹೊಸದು–ಅಮೆರಿಕದ್ದು, ಹೊಸದು–ಯುರೋಪಿನದು, ಅಮೆರಿಕದ್ದು–ಯುರೋಪಿನದು) ಒಳಗೇ ಬಂದವು. ಈಗ ಅದೇ ಔಷಧವನ್ನು ಸಿರಿಂಜ್ ಬದಲು ಪೆನ್ ಆಕಾರದ ಇಂಜೆಕ್ಷನ್ ಸಾಧನದಲ್ಲಿ ಕೊಟ್ಟು ನೋಡುತ್ತಿದ್ದೇವೆ. ಈ ಸಲ ಹೊಟ್ಟೆ, ತೊಡೆ ಎರಡೂ ಕಡೆ.