ಮಳೆ ಸೀಮೆಯಲ್ಲಿ ಹೊರಗಿನ ಅಡುಗೆಮನೆ: ಸೆರಾಮಿಕ್ ಗ್ರಿಲ್ ಕೂರಿಸಿದ ಅನುಭವ

ನಮ್ಮ ಹೋಂಸ್ಟೇಗೆ ಬಂದವರಲ್ಲಿ ಕೆಲವರು ಹಿತ್ತಲಿನ ಗ್ರಿಲ್ ನೋಡಿ, "ನಮ್ಮನೇಲೂ ಹಿಂಗೇ ಒಂದು ಮಾಡಿಸ್ಬೇಕು, ಎಷ್ಟಾಗುತ್ತೆ?" ಅಂತ ಕೇಳುತ್ತಾರೆ. ಬೆಲೆ ಹೇಳುವ ಮುಂಚೆ ನಾನು ಕೇಳುವುದು, "ನಿಮ್ಮಲ್ಲಿ ಇರಚಲು ಯಾವ ಕಡೆಯಿಂದ ಹೊಡೆಯುತ್ತೆ?" ಅಂತ. ಬೆಂಗಳೂರಿನವರಿಗೆ ಈ ಪ್ರಶ್ನೆ ವಿಚಿತ್ರ ಅನಿಸುತ್ತೆ. ಊರಿನವರಿಗೆ ತಕ್ಷಣ ಅರ್ಥವಾಗುತ್ತೆ.

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ಇಳಿದರೆ ನಮ್ಮ ತೋಟ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತೆ. ನಮ್ಮಲ್ಲಿ ಅಷ್ಟಿಲ್ಲ. ಆದರೂ ಆರಿದ್ರಾದಿಂದ ಆಶ್ಲೇಷದವರೆಗೆ ಅಂಗಳಕ್ಕೆ ಇಳಿಯಬೇಕಾದರೆ ಕಂಬಳಿಕೊಪ್ಪೆಯೋ ಕೊಡೆಯೋ ಬೇಕೇ ಬೇಕು. ಹೊರದೇಶದ ಫೋಟೋಗಳಲ್ಲಿ ಕಾಣುವ ಹಾಗೆ ಬರೀ ಆಕಾಶದ ಕೆಳಗೆ ಹುಲ್ಲಿನ ಪಕ್ಕ ಒಂದು ಕಟ್ಟೆ ಕಟ್ಟಿ ಗ್ರಿಲ್ ಇಟ್ಟರೆ, ಅದು ವರ್ಷದಲ್ಲಿ ಅರ್ಧ ಕಾಲ ಟಾರ್ಪಾಲಿನ ಒಳಗೇ ಇರುತ್ತೆ. ಮಳೆ ನೋಡಲಿಕ್ಕೇ ಜನ ಬರುವ ಊರಿನಲ್ಲಿ ಅದು ದಂಡ. ಹಾಗಾಗಿ ಗ್ರಿಲ್‌ಗೆ ಕೊಟ್ಟಿದ್ದಕ್ಕಿಂತ ಹೆಚ್ಚು ದುಡ್ಡನ್ನು ಹೆಂಚಿನ ಮಾಡು, ಕಟ್ಟೆ, ಚರಂಡಿಗೆ ಹಾಕಿದೆ. ಸೆರಾಮಿಕ್ ಗ್ರಿಲ್ ತನ್ನ ಬೆಂಕಿಯನ್ನು ತಾನೇ ನೋಡಿಕೊಳ್ಳುತ್ತೆ. ನೀರನ್ನು ನೋಡಿಕೊಳ್ಳುವ ಕೆಲಸ ಕಟ್ಟುವವನದ್ದು.

ಗೊತ್ತಿಲ್ಲದವರಿಗೆ ಎರಡು ಮಾತು. ದೊಡ್ಡ ಮೊಟ್ಟೆಯ ಆಕಾರದ, ದಪ್ಪ ಗೋಡೆಯ ಈ ಗ್ರಿಲ್‌ಗೆ ಕಮಾಡೊ ಅಂತಾರೆ. ಮೂಲ ಜಪಾನಿನ ಅನ್ನ ಬೇಯಿಸುವ ಮಣ್ಣಿನ ಒಲೆ, ಮುಶಿಕಾಮಾಡೊ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿದ್ದ ಅಮೆರಿಕದ ಸೈನಿಕರು ಅದನ್ನು ತಮ್ಮ ದೇಶಕ್ಕೆ ಒಯ್ದರು. 1974ರಲ್ಲಿ ಅಟ್ಲಾಂಟಾದಲ್ಲಿ ಎಡ್ ಫಿಶರ್ ಶುರು ಮಾಡಿದ ಬಿಗ್ ಗ್ರೀನ್ ಎಗ್ ಕಂಪನಿಯಿಂದ ಅದು ಮನೆಮಾತಾಯ್ತು. ಕೆಳಗೊಂದು ಗಾಳಿಕಂಡಿ, ಮೇಲೊಂದು. ಎರಡನ್ನೂ ಎಷ್ಟು ತೆರೆದಿದ್ದೀರಿ ಅನ್ನುವುದರ ಮೇಲೆ ಇಡೀ ಅಡುಗೆ ನಿಂತಿದೆ. ಕಂಡಿಗಳನ್ನು ಸಣ್ಣಗೆ ಬಿಟ್ಟರೆ 110 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಂದೇ ಸಲ ತುಂಬಿದ ಇದ್ದಿಲು ರಾತ್ರಿಯಿಡೀ ಬರುತ್ತೆ. ಪೂರ್ತಿ ತೆರೆದರೆ 350 ಡಿಗ್ರಿ ದಾಟುತ್ತೆ.

ಅಪ್ಪಯ್ಯ ಇದನ್ನು ಸುತ್ತು ಹಾಕಿ ನೋಡಿ, "ನಮ್ಮ ಬಚ್ಚಲ ಒಲೆಗಿಂತ ಇದ್ರಲ್ಲಿ ಎಂತ ಹೆಚ್ಚು ಉಂಟು?" ಅಂದಿದ್ದರು. ನ್ಯಾಯವಾದ ಪ್ರಶ್ನೆ. ಬಚ್ಚಲ ಒಲೆಗೆ ಬಾಯಿ ಮುಚ್ಚಲು ಬರುವುದಿಲ್ಲ. ಸೌದೆಯ ಬಿಸಿಯಲ್ಲಿ ಬಹುಪಾಲು ಹೊಗೆಯ ಜೊತೆಗೇ ಹೊರಗೆ ಹೋಗುತ್ತೆ. ಇದರಲ್ಲಿ ಬೆಂಕಿಗೆ ಬೇಕಾದಷ್ಟೇ ಗಾಳಿ ಒಳಗೆ ಹೋಗುವುದರಿಂದ ಕೋಳಿಯ ನೀರಿನಂಶವೂ ಒಳಗೇ ಉಳಿಯುತ್ತೆ. ಅಡುಗೆ ಮುಗಿದ ಮೇಲೆ ಎರಡೂ ಕಂಡಿ ಮುಚ್ಚಿದರೆ ಬೆಂಕಿ ಆರಿ, ಉಳಿದ ಇದ್ದಿಲು ಮರುದಿನಕ್ಕೆ ಸಿಗುತ್ತೆ. ಈ ಕೊನೆಯ ಮಾತು ಅಪ್ಪಯ್ಯನಿಗೆ ಹಿಡಿಸಿತು.

ಇನ್ನು ಜಾಗ. ನಮ್ಮಲ್ಲಿ ಮುಂಗಾರಿನ ಗಾಳಿ ಪಡುವಣ, ನೈಋತ್ಯದಿಂದ ಬರುತ್ತೆ. ಮನೆಯ ಪೂರ್ವದ ಬದಿಯಲ್ಲಿ, ದಕ್ಷಿಣದ ಮೂಲೆಗೆ ಹತ್ತಿರ ಜಾಗ ಆರಿಸಿದೆ. ಆಗ ಮನೆಯೇ ಅರ್ಧ ಗಾಳಿಯನ್ನು ತಡೆಯುತ್ತೆ. ಪಶ್ಚಿಮ ಮತ್ತು ದಕ್ಷಿಣಕ್ಕೆ ಗೋಡೆ, ಪೂರ್ವ ಮತ್ತು ಉತ್ತರ ಖಾಲಿ. ಅಮ್ಮನಿಗೆ ಅಗ್ನಿ ಆಗ್ನೇಯದಲ್ಲೇ ಬಂತು ಅಂತ ಸಮಾಧಾನ, ನನಗೆ ಇರಚಲು ತಪ್ಪಿತು ಅಂತ ಸಮಾಧಾನ. ಚರ್ಚೆಯೇ ಬೇಕಾಗಲಿಲ್ಲ.

ಮಾಡಿಗೆ ಹಳೇ ಕೊಟ್ಟಿಗೆಯಿಂದ ಇಳಿಸಿದ ಮಂಗಳೂರು ಹೆಂಚು. ಆದರೆ ಪಕಾಸಿ, ರೀಪಿಗೆ ಮರ ಹಾಕಲಿಲ್ಲ, ಜಿಐ ಪೈಪು ಹಾಕಿಸಿದೆ. ಮುಚ್ಚಳ ತೆರೆದಾಗ ನೆಣಕ್ಕೆ ಬೆಂಕಿ ಹತ್ತಿದರೆ ಜ್ವಾಲೆ ಮೇಲೆ ಎದ್ದೇ ಏಳುತ್ತೆ, ಒಣಮರ ಅಲ್ಲಿರಬಾರದು. ಗ್ರಿಲ್ ನೇರಕ್ಕೆ ಮಾಡು ಹತ್ತು ಅಡಿಗಿಂತ ಮೇಲಿದೆ. ಮಾಡಿನ ನೆತ್ತಿಯ ಹತ್ತಿರ ಹೊಗೆ ಹೋಗಲು ಕಿಂಡಿ ಬಿಟ್ಟು, ಅದರ ಮೇಲೆ ಇನ್ನೊಂದು ಸಣ್ಣ ಮಾಡು ಎತ್ತಿಸಿದೆ. ಸೂರು ಮಾತ್ರ ತಗ್ಗಿಸಿ ಮೂರಡಿ ಹೊರಗೆ ಚಾಚಿಸಿದೆ. "ಇಷ್ಟು ಉದ್ದ ಎಂತಕ್ಕೆ? ಚಂದ ಕಾಣಲ್ಲ" ಅಂದರು ಮೇಸ್ತ್ರಿ. ಚಂದ ಹಾಳಾಗಲಿ ಅಂದೆ.

ಇಲ್ಲೊಂದು ಎಚ್ಚರಿಕೆ. ಮಳೆ ಜೋರಾದಾಗ ಉಳಿದ ಎರಡು ಬದಿಗೂ ಟಾರ್ಪಾಲು ಇಳಿಬಿಟ್ಟು ಒಳಗೆ ಬೆಚ್ಚಗೆ ಕೂರುವ ಆಸೆ ಎಲ್ಲರಿಗೂ ಬರುತ್ತೆ. ಇದ್ದಿಲು ಉರಿಯುವಾಗ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಎರಡು ಬದಿ ತೆರೆದೇ ಇರಬೇಕು. ಜಗಲಿಗೆ ಕಟ್ಟುವ ಹಾಗೆ ಅಡಕೆ ಸೋಗೆಯ ತಟ್ಟಿಯನ್ನೂ ಗ್ರಿಲ್ ಪಕ್ಕ ಕಟ್ಟಲು ಬಿಡುವುದಿಲ್ಲ.

ಗ್ರಿಲ್ ಕೂರಿಸುವ ಕಟ್ಟೆಯ ವಿಷಯಕ್ಕೆ ಬರುತ್ತೇನೆ, ಹೆಚ್ಚಿನವರು ತಲೆ ಕೆಡಿಸಿಕೊಳ್ಳುವುದು ಇಲ್ಲೇ. ನೆಲದಿಂದ ಒಂದೂವರೆ ಅಡಿಯವರೆಗೆ ಸೈಜುಗಲ್ಲು, ಅದರ ಮೇಲೆ ಜಂಬಿಟ್ಟಿಗೆ. ಜಂಬಿಟ್ಟಿಗೆಯ ಮೈತುಂಬ ತೂತು, ನೀರು ಕುಡಿಯುತ್ತೆ. ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿಯುವ ಎತ್ತರದಲ್ಲಿ ಅದನ್ನು ಇಟ್ಟರೆ ಒಂದೇ ಮಳೆಗಾಲಕ್ಕೆ ಪಾಚಿ ಹಿಡಿದು ಕಪ್ಪಾಗುತ್ತೆ. ನಡುವೆ ಗ್ರಿಲ್‌ಗೆ ಮುಂದೆ ಪೂರ್ತಿ ತೆರೆದಿರುವ ಗೂಡು. ಗೂಡಿನ ತಳಕ್ಕೆ ಕಾಂಕ್ರೀಟ್ ಹಾಸು, ಅದರ ಮೇಲೆ ದಪ್ಪ ಕಲ್ಲು, ಕಲ್ಲಿನ ಮೇಲೆ ಸೆರಾಮಿಕ್ಕಿನ ಸಣ್ಣ ಕಾಲುಗಳು, ಅವುಗಳ ಮೇಲೆ ಗ್ರಿಲ್. ತಳ ನೇರವಾಗಿ ಯಾವುದಕ್ಕೂ ತಾಗಬಾರದು, ಅಡಿಯಲ್ಲಿ ಗಾಳಿ ಆಡಬೇಕು. ಮರದ ಹಲಗೆಯ ಮೇಲೆ ನೇರವಾಗಿ ಇಡುವುದಂತೂ ಸಲ್ಲದು.

ಗೂಡಿನ ಹಿಂಬದಿಯಲ್ಲಿ ಮೇಲಕ್ಕೊಂದು, ಕೆಳಕ್ಕೊಂದು ಕಂಡಿ ಬಿಡಿಸಿದೆ, ಬಿಸಿ ಅಲ್ಲೇ ಕಟ್ಟಿಕೊಳ್ಳದೆ ಹೋಗಲಿ ಅಂತ. ಎರಡಕ್ಕೂ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ. ಬೆಚ್ಚಗಿನ, ಒಣಗಿದ, ಕತ್ತಲೆ ಗೂಡು ಅಂದರೆ ಇಲಿಗೆ ಇಷ್ಟ. ಇಲಿ ಬಂದ ಕಡೆ ಹಾವು ಬರುತ್ತೆ. ಮುಂದೆ ಬಾಗಿಲು ಬೇಡ ಅಂದಿದ್ದೂ ಇದಕ್ಕೇ. ಒಳಗೆ ಏನಿದೆ ಅಂತ ಕಾಣುತ್ತಿರಬೇಕು, ಕೆಳಗಿನ ಗಾಳಿಕಂಡಿಯಿಂದ ಬೂದಿ ತೆಗೆಯಲು ಕೈ ಸಲೀಸಾಗಿ ಹೋಗಬೇಕು.

ಕಟ್ಟೆಯ ಮೇಲಿನ ಕಲ್ಲಿಗೆ ಕಡಪಾ ಹಾಕೋಣ, ಅಗ್ಗ ಅಂತ ಸಲಹೆ ಬಂತು. ಕಡಪಾ ಸುಣ್ಣದಕಲ್ಲಿನ ಜಾತಿ. ನಿಂಬೆಹಣ್ಣು, ವಾಟೆಹುಳಿ ಬಿದ್ದ ಕಡೆಯೆಲ್ಲ ಬಿಳಿ ಕಲೆ ಏಳುತ್ತೆ. ಮೀನು, ಮಾಂಸ ಕಲಸುವ ಕಟ್ಟೆಗೆ ಅದು ಆಗದು. ಗ್ರಾನೈಟನ್ನೇ ಹಾಕಿದೆ. ಮುಖ್ಯ ವಿಷಯ ಬೇರೆಯೇ ಇದೆ. ಒಂದೇ ಕಲ್ಲಿನ ನಡುವೆ ದುಂಡಗೆ ತೂತು ಕೊರೆದರೆ ತೂತಿನ ಮುಂದೆ, ಹಿಂದೆ ಉಳಿಯುವ ಪಟ್ಟಿ ಸಣ್ಣದಾಗಿ, ಸಾಗಿಸುವಾಗಲೇ ಮುರಿಯುತ್ತೆ. ಅದಕ್ಕೆ ಕಲ್ಲನ್ನು ಎಡಬಲ ಎರಡು ತುಂಡು ಮಾಡಿ, ಎರಡರಲ್ಲೂ ಅರ್ಧ ಅರ್ಧ ಚಂದ್ರ ಕತ್ತರಿಸಿ, ತೂತಿನ ನಡುಗೆರೆಯಲ್ಲಿ ಕೂಡಿಸಿದೆವು. ಬಿಸಿಗೆ ಹಿಗ್ಗಲೂ ಜಾಗ ಸಿಕ್ಕಿತು. ಗ್ರಿಲ್ ಮೈಗೂ ಕಲ್ಲಿಗೂ ಸುತ್ತ ಒಂದು ಇಂಚಿನಷ್ಟು ಖಾಲಿ. ಅದನ್ನು ಸಿಮೆಂಟಿನಲ್ಲಿ ತುಂಬಿಬಿಡುವ ಉಮೇದು ಗಾರೆಯವರಿಗೆ ಇದ್ದೇ ಇರುತ್ತೆ, ಪಕ್ಕದಲ್ಲೇ ನಿಂತು ತಡೆಯಬೇಕು. ತುಂಬಿದರೆ ಕಲ್ಲು ಬಿರಿಯುತ್ತೆ, ಇಲ್ಲವೇ ಗ್ರಿಲ್ ಬಿರಿಯುತ್ತೆ.

ಎತ್ತರವನ್ನು ಪುಸ್ತಕದ ಅಳತೆ ನೋಡಿ ಮಾಡಲಿಲ್ಲ. ಅಡುಗೆ ಮಾಡುವವರು ಅತ್ತಿಗೆ. ಅವರ ಎತ್ತರವೇ ಅಳತೆ. ಅಂಗಳದಲ್ಲಿ ಇಟ್ಟಿಗೆ ಜೋಡಿಸಿ ಮೇಲೆ ಗ್ರಿಲ್ ಇಟ್ಟು, "ಅತ್ತಿಗೆ, ಒಂದ್ಸಲ ಮುಚ್ಚಳ ಎತ್ತಿ ನೋಡಿ" ಅಂದೆ. ಅವರು ಎತ್ತಿದರು, ಹಿಡಿಕೆ ಹಣೆಯ ಮೇಲಕ್ಕೆ ಹೋಯಿತು. "ಇದು ಎತ್ತರ ಆತು ಮಾರಾಯ, ಜೊತೆಗೊಂದು ಏಣಿ ಕೊಡು." ಒಂದು ಸಾಲು ಇಟ್ಟಿಗೆ ತೆಗೆದೆವು. ಈ ಸಲ ಇಕ್ಕಳ ಹಿಡಿದು ಜಾಲರಿಯ ಆಚೆ ಬದಿಗೆ ಕೈ ಚಾಚಿದರು. ಸೆರಗು ಗ್ರಿಲ್ ಅಂಚಿಗೆ ತಾಗದೆ, ಮೊಣಕೈ ಬಾಯಿಯ ಮೇಲೆ ಸುಳಿಯದೆ ಕೈ ಎಟುಕಿತು. ಅಲ್ಲಿಗೇ ಗೆರೆ ಎಳೆದೆವು. ಮಾಮೂಲಿ ಅಡುಗೆ ಕಟ್ಟೆಗಿಂತ ಇದು ಸ್ವಲ್ಪ ತಗ್ಗಿನಲ್ಲಿದೆ. ಕಲ್ಲಿನ ಮಟ್ಟ ಮುಚ್ಚಳದ ಕೀಲಿಗಿಂತ ಕೆಳಗೇ ಇರಬೇಕು, ಇಲ್ಲದಿದ್ದರೆ ಮುಚ್ಚಳ ತೆರೆಯುವುದೇ ಇಲ್ಲ. ತೆರೆದಾಗ ಅದು ಹಿಂದಕ್ಕೆ ಬಾಗುವುದರಿಂದ ಪೂರ್ತಿ ತೆರೆದಿಟ್ಟು, ಅಲ್ಲಿಂದ ಇನ್ನೊಂದು ಗೇಣು ಬಿಟ್ಟು ಗೋಡೆ ಬಂತು.

ಹದಿನೆಂಟು ಇಂಚು ಜಾಲರಿಯ ಗ್ರಿಲ್ ಎಪ್ಪತ್ತು ಕಿಲೋ ದಾಟುತ್ತೆ. ಎತ್ತುವ ಮುಂಚೆ ಒಳಗಿನ ಸೆರಾಮಿಕ್ ತುಂಡುಗಳನ್ನೆಲ್ಲ ತೆಗೆಯಬೇಕು. ಕೀಲು ಹಿಡಿದು ಎತ್ತಬಾರದು. ಒಬ್ಬರ ಕೈ ಕೆಳಗಿನ ಗಾಳಿಕಂಡಿಗೆ, ಉಳಿದವರ ಕೈ ಬುಡಕ್ಕೆ. ಅಡಕೆ ಮೂಟೆ ಎತ್ತುವ ಹುಡುಗರು ಬಂದರು, ಆಯ್ತು.

ಗ್ಯಾಸ್ ಒಲೆ ಒಂದು ಪಕ್ಕದಲ್ಲಿದೆ, ಸಾರು ಬಿಸಿ ಮಾಡಲು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ತಂಗುತ್ತೆ. ಸಿಲಿಂಡರ್ ಗೂಡನ್ನು ಗ್ರಿಲ್‌ನಿಂದ ದೂರದ ತುದಿಗೆ ಹಾಕಿ, ನೆಲಮಟ್ಟದಲ್ಲೇ ಕಂಡಿ ಬಿಡಿಸಿದೆ. ಲೈಟು, ಪ್ಲಗ್ಗಿಗೆ ನೀರು ನುಗ್ಗದ ಪೆಟ್ಟಿಗೆ, ಜೊತೆಗೆ ಕರೆಂಟು ಸೋರಿದರೆ ತಕ್ಷಣ ಲೈನು ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ಚು. ನೆಲಕ್ಕೆ ನಯವಾದ ಟೈಲ್ಸ್ ಬೇಡವೇ ಬೇಡ, ತರಿತರಿ ಕಲ್ಲು ಹಾಸಿ ಚರಂಡಿ ಕಡೆಗೆ ವಾಟ ಕೊಡಿ. ಪಾತ್ರೆ ತೊಳೆದ ನೀರು ನಮ್ಮಲ್ಲಿ ಬಾಳೆ ಬುಡಕ್ಕೆ ಹೋಗುತ್ತೆ.

ಮಳೆಗಾಲದ ಆರೈಕೆ ಬೇರೆಯೇ. ನೆಣದ ಪಸೆ ಇರುವ ಗ್ರಿಲ್ಲನ್ನು ಎರಡೂ ಕಂಡಿ ಮುಚ್ಚಿ ಪುಷ್ಯ ಮಳೆಯಲ್ಲಿ ಹಾಗೇ ಬಿಟ್ಟರೆ ಒಳಗೆ ಬಿಳಿ ಬೂಷ್ಟು ಬೆಳೆಯುತ್ತೆ. ವಾರಕ್ಕೊಮ್ಮೆಯಾದರೂ ಬೆಂಕಿ ಹಾಕಬೇಕು, ನಾಲ್ಕು ಗೆಣಸು ಸುಡಲಿಕ್ಕಾದರೂ ಸರಿ. ಪೂರ್ತಿ ತಣಿದ ಮೇಲೆ ಎರಡೂ ಕಂಡಿಯನ್ನು ಕೂದಲೆಳೆಯಷ್ಟು ತೆರೆದಿಡುತ್ತೇನೆ. ಬೂಷ್ಟು ಬಂದೇ ಬಿಟ್ಟರೆ ಗಾಬರಿ ಬೇಡ: ಹಳೇ ಇದ್ದಿಲು ಎಸೆದು, ಹೊಸ ಬೆಂಕಿಯಲ್ಲಿ 200 ಡಿಗ್ರಿಗಿಂತ ಮೇಲೆ ಒಂದು ಗಂಟೆ ಕಾಯಿಸಿ, ಜಾಲರಿ ಉಜ್ಜಿದರೆ ಮುಗಿಯಿತು. ತೇವ ಕುಡಿದ ಗ್ರಿಲ್‌ಗೆ ಮಾತ್ರ ಒಮ್ಮೆಲೇ ಜೋರು ಬೆಂಕಿ ಕೊಡಬೇಡಿ. ಮೊದಲ ಅರ್ಧ ಗಂಟೆ ಸಣ್ಣ ಉರಿ. ಒಳಗಿನ ಬೆಂಕಿಗೂಡು ಬಿರಿಯುವುದು ಹೆಚ್ಚಾಗಿ ಇಂಥ ಅವಸರದಲ್ಲೇ.

ಇದ್ದಿಲು ಬಯಲುಸೀಮೆಯಿಂದ ಬರುವ ಜಾಲಿಯದ್ದು. ಮುಷ್ಟಿ ಗಾತ್ರದ ತುಂಡುಗಳು ಕೆಳಗೆ, ಪುಡಿಯನ್ನು ಜರಡಿ ಹಿಡಿದು ಬಿಡುತ್ತೇನೆ. ಪುಡಿ ತೂತು ಮುಚ್ಚಿದರೆ ಗಾಳಿ ಏರುವುದಿಲ್ಲ. ತೆಂಗಿನ ಚಿಪ್ಪಿನ ಇದ್ದಿಲಿಗೆ ಕಾವು ಜಾಸ್ತಿ, ಆದರೆ ತುಂಡು ಸಣ್ಣದು, ನಿಧಾನದ ಅಡುಗೆಗೆ ನನಗೆ ಸರಿಬರಲಿಲ್ಲ. ಸೀಮೆಎಣ್ಣೆ ಹತ್ತಿರ ತರಬೇಡಿ, ಆ ವಾಸನೆಯನ್ನು ಸೆರಾಮಿಕ್ ಹೀರಿಕೊಂಡರೆ ಬಿಡುವುದಿಲ್ಲ. ಹೊಗೆಯ ಪರಿಮಳಕ್ಕೆ ಒಣಗಿದ ಪೇರಲೆ ಕಡ್ಡಿ, ಇಲ್ಲವೇ ಮಾವು. ಕಾಡಿನಿಂದ ಬಂದ ಗುರುತಿಲ್ಲದ ಸೌದೆ ಹಾಕಬಾರದು. ಹೊಲಗೇರಿನ ಸೊನೆ ತಾಗಿದರೇ ಮೈ ಬೊಬ್ಬೆ ಏಳುತ್ತೆ, ಅದರ ಹೊಗೆಯಲ್ಲಿ ಬೆಂದ ಕೋಳಿ ಯಾರಿಗೆ ಬೇಕು? ಕಾಸರ್ಕ ಅಂತೂ ವಿಷದ ಮರ, ಅದರ ಮಾತು ಹೇಳುವುದೇ ಬೇಡ.

ಬಿಸಿ ಏರಿಸುವಾಗ ತಾಳ್ಮೆ ಬೇಕು. ಬೇಕಾದ ಡಿಗ್ರಿಗಿಂತ ಸಾಕಷ್ಟು ಮುಂಚೆಯೇ ಕಂಡಿಗಳನ್ನು ಕಿರಿದು ಮಾಡುತ್ತಾ ಬರಬೇಕು. ಒಮ್ಮೆ ಮಿತಿ ಮೀರಿ ಕಾದರೆ ಈ ದಪ್ಪ ಗೋಡೆ ತಣಿಯಲು ಗಂಟೆಗಟ್ಟಲೆ ಹಿಡಿಯುತ್ತೆ. ಕಂಡಿ ಕಿರಿದಾಗಿದ್ದು ಒಳಗೆ ಕಾವು ಜೋರಾಗಿದ್ದಾಗ ಮುಚ್ಚಳವನ್ನು ಗಕ್ಕನೆ ತೆರೆದರೆ, ಗಾಳಿಗೆ ಹಸಿದ ಬೆಂಕಿ ಬುಗ್ಗೆಂದು ಮುಖಕ್ಕೆ ಬರುತ್ತೆ. ಮೊದಲು ಎರಡು ಬೆರಳಷ್ಟು ಎತ್ತಿ, ಕ್ಷಣ ನಿಲ್ಲಿಸಿ, ಆಮೇಲೆ ತೆರೆಯಬೇಕು. ಅತಿಥಿಗಳಿಗೆ ಮುಚ್ಚಳ ಮುಟ್ಟಲು ಬಿಡದಿರುವುದು ಇದಕ್ಕೇ.

ನಮ್ಮ ತೋಟದ ಕರಿಮೆಣಸು ಜಜ್ಜಿ, ಉಪ್ಪು, ನಿಂಬೆ, ಬೆಳ್ಳುಳ್ಳಿ ಸವರಿದ ಇಡೀ ಕೋಳಿ ಇದರಲ್ಲಿ 180 ಡಿಗ್ರಿಗೆ, ನಡುವೆ ಸೆರಾಮಿಕ್ ತಟ್ಟೆ ಅಡ್ಡ ಇಟ್ಟು ಬೇಯಿಸಿದರೆ ಚರ್ಮ ಗರಿಗರಿ, ಒಳಗೆ ರಸ. ಜೊತೆಗೆ ಕಡುಬು. ಮಾಂಸ ತಿನ್ನದವರಿಗೆ ಸುಟ್ಟ ಬದನೆಕಾಯಿ ಗೊಜ್ಜು, ಕೆಂಡದ ಗೆಣಸು. ಅಕ್ಕಿರೊಟ್ಟಿಯನ್ನು ಇದರಲ್ಲಿ ಸುಡುವ ಪ್ರಯೋಗಕ್ಕೆ ಅತ್ತಿಗೆ ಒಪ್ಪಿಲ್ಲ, ಅದಕ್ಕೆ ಒಳಗಿನ ಕಾವಲಿಯೇ ಸರಿಯಂತೆ.

ಮಂಗಗಳ ವಿಷಯ ಬಿಟ್ಟರೆ ಬರೆದದ್ದು ಪೂರ್ತಿ ಆಗುವುದಿಲ್ಲ. ಗ್ರಿಲ್ ಮುಚ್ಚಳ ಭಾರ, ಇಲ್ಲಿಯವರೆಗೆ ಅವುಗಳ ಕೈಗೆ ಬಗ್ಗಿಲ್ಲ. ಹೆಂಚು ಸರಿಸುತ್ತವೆ ಅಂತ ಮಾಡಿನ ಅಂಚಿನ ಸಾಲುಗಳನ್ನು ತಂತಿ ಹಾಕಿ ಪೈಪಿಗೆ ಬಿಗಿಸಿದ್ದೇವೆ. ಸಿಂಕಿನ ನಲ್ಲಿ ತಿರುಗಿಸಿ ನೀರು ಬಿಟ್ಟು ಹೋಗುವುದನ್ನು ಮಾತ್ರ ಚೆನ್ನಾಗಿ ಕಲಿತಿವೆ. ಹಾಗಾಗಿ ಆ ಲೈನಿನ ವಾಲ್ವನ್ನು ಮನೆಯ ಒಳಗೇ ಹಾಕಿಸಿದ್ದೇನೆ. ನೀವೂ ಪೈಪು ಎಳೆಸುವಾಗಲೇ ಹೇಳಿ ಮಾಡಿಸಿಕೊಳ್ಳಿ.