ದೊಡ್ಡ ಪ್ರಶ್ನೆಗಳಿಗೆ ಭಾನುವಾರದ ಸಂಜೆ: ನನ್ನ ಅನುಭವ

ಮೈಸೂರಿನಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಅಂಗಡಿಗೆ ಬರುವವರು ಬರೀ ಮಾತ್ರೆ ತೆಗೆದುಕೊಂಡು ಹೋಗುವುದಿಲ್ಲ. ಚೀಟಿ ಕೈಗೆ ಕೊಟ್ಟು, ನಾನು ರ‍್ಯಾಕಿನಲ್ಲಿ ಸ್ಟ್ರಿಪ್ ಹುಡುಕುತ್ತಿರುವಾಗ, "ಬಿಪಿ ಮಾತ್ರೆ ಸಾಯೋವರೆಗೂ ನುಂಗ್ಬೇಕಂತೆ. ಅಷ್ಟು ವರ್ಷ ಇದ್ದು ಏನ್ ಮಾಡೋದು ಹೇಳಿ?" ಅನ್ನುತ್ತಾರೆ. ಕ್ಯಾನ್ಸರ್ ಔಷಧಿಯ ಬಿಲ್ಲು ನೋಡಿ, "ಮಗಳ ಮದುವೆಗೆ ಅಂತ ಇಟ್ಟಿದ್ದ ದುಡ್ಡು ಇದು. ನಾನು ಉಳಿಯೋದು ಮುಖ್ಯಾನಾ, ಅವಳ ಮದುವೆ ಮುಖ್ಯಾನಾ?" ಎಂದು ಕೇಳಿದವರಿದ್ದಾರೆ. ಹಾಗೆ ಕೇಳುವವರಿಗೆ ಇದೆಲ್ಲ ತತ್ತ್ವಶಾಸ್ತ್ರ ಅನ್ನಿಸುವುದಿಲ್ಲ. ಆದರೆ ಬದುಕಿಗೆ ಅರ್ಥ ಏನು, ನಾನು ಯಾರಿಗೆ ಎಷ್ಟು ಋಣಿ, ಎಷ್ಟಾದರೆ ಸಾಕು ಅನ್ನುವ ಪ್ರಶ್ನೆಗಳೇ ಇವು.

ಇಂಥ ಮಾತಿಗೆ ನಮ್ಮಲ್ಲಿ ಉತ್ತರ ಯಾವಾಗಲೂ ತಯಾರಿರುತ್ತದೆ. "ಎಲ್ಲಾ ಹಣೆಬರಹ." "ಮೇಲೊಬ್ಬ ಇದ್ದಾನೆ ಬಿಡಿ." "ಜಾಸ್ತಿ ಯೋಚ್ನೆ ಮಾಡ್ಬೇಡಿ." ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಈ ಮಾತು ಬಂದ ಕೂಡಲೇ ಪ್ರಶ್ನೆ ಅಲ್ಲಿಗೇ ನಿಂತುಹೋಗುತ್ತದೆ. ಕೇಳಿದವರು ಚಿಲ್ಲರೆ ಎಣಿಸಿಕೊಂಡು ಹೊರಡುತ್ತಾರೆ. ಬೆಳಗಾದರೆ ವಾಟ್ಸಾಪ್‌ನಲ್ಲಿ ಸೂರ್ಯೋದಯದ ಚಿತ್ರದ ಮೇಲೆ ಒಂದು ಸುವಿಚಾರ. ಓದಿ, ಕೈಮುಗಿಯುವ ಚಿಹ್ನೆ ಹಾಕಿದರೆ ಅಂದಿನ ಚಿಂತನೆ ಮುಗಿಯಿತು. ಈ ಕಾಲದ ಕಷ್ಟ ಇಲ್ಲೇ ಇದೆ ಅನ್ನುವುದು ನನ್ನ ಅನಿಸಿಕೆ. ಯೋಚಿಸಲು ಸಮಯವಿಲ್ಲ ಅನ್ನುವುದು ಅರ್ಧ ಮಾತು. ಪ್ರಶ್ನೆ ಬಾಯಿಗೆ ಬರುವ ಮೊದಲೇ ಉತ್ತರ ಕೈಯಲ್ಲಿರುತ್ತದೆ, ಅದೇ ದೊಡ್ಡ ತೊಂದರೆ.

ಅದಕ್ಕೇ ಅಂಗಡಿಯ ಮಹಡಿಯ ಕೋಣೆಯಲ್ಲಿ ಭಾನುವಾರ ಸಂಜೆ ಕೂರುವುದನ್ನು ಶುರು ಮಾಡಿದೆವು. ಬರುವವರು ಐದಾರು ಜನ, ಕೆಲವೊಮ್ಮೆ ಒಂಬತ್ತು. ನಿವೃತ್ತ ಗಣಿತ ಮೇಷ್ಟ್ರು, ಒಬ್ಬ ಲೈನ್‌ಮನ್, ಪಕ್ಕದ ಬೀದಿಯಲ್ಲಿ ಬ್ಲೌಸ್ ಹೊಲಿಯುವ ಅಕ್ಕ, ಎಂಎಸ್ಸಿ ಓದುವ ಹುಡುಗ, ಒಬ್ಬಿಬ್ಬರು ಗೃಹಿಣಿಯರು. ಚಾಪೆ, ಫ್ಲಾಸ್ಕಿನಲ್ಲಿ ಕಾಫಿ, ಗೋಡೆಗೆ ಒರಗಿಸಿದ ಒಂದು ಬಿಳಿ ಬೋರ್ಡು. ಒಂದೂವರೆ ಗಂಟೆ ಅಷ್ಟೆ.

ನಾವು ಕೂರುವ ಕ್ರಮ ಮೇಷ್ಟ್ರಿಂದ ಬಂದದ್ದು. ಲಿಯೊನಾರ್ಡ್ ನೆಲ್ಸನ್ ಅಂತ ಜರ್ಮನಿಯಲ್ಲಿ ಒಬ್ಬ ಚಿಂತಕ ಇದ್ದ. ಗಣಿತದ ತಳಹದಿ ಬಗ್ಗೆಯೂ ಕೆಲಸ ಮಾಡಿದವನು, ಹಾಗಾಗಿ ಮೇಷ್ಟ್ರಿಗೆ ಗೊತ್ತು. 1922ರಲ್ಲಿ ಗೊಟ್ಟಿಂಗೆನ್‌ನಲ್ಲಿ ಸಾಕ್ರಟೀಸನ ವಿಧಾನದ ಬಗ್ಗೆ ಒಂದು ಉಪನ್ಯಾಸ ಕೊಟ್ಟ. ತತ್ತ್ವಜ್ಞಾನವನ್ನು ಪಾಠ ಮಾಡಿ ಕಲಿಸಲು ಆಗುವುದಿಲ್ಲ, ಜನರನ್ನು ತಾವೇ ಯೋಚಿಸುವ ಹಾಗೆ ಮಾಡಬೇಕು ಅನ್ನುವುದು ಅವನ ವಾದ. ಅವನ ಶಿಷ್ಯ ಗುಸ್ಟಾವ್ ಹೆಕ್‌ಮನ್ ಅದನ್ನು ಗುಂಪಿನಲ್ಲಿ ನಡೆಸುವ ಪದ್ಧತಿಯಾಗಿ ಬೆಳೆಸಿದ. ಅದರ ಮುಖ್ಯ ನಿಯಮ ಸರಳ. ಯಾವ ದೊಡ್ಡ ಪ್ರಶ್ನೆಯೇ ಆಗಲಿ, ಗುಂಪಿನಲ್ಲಿ ಒಬ್ಬರಿಗೆ ನಿಜವಾಗಿ ನಡೆದ ಒಂದು ಘಟನೆಯಿಂದ ಶುರುವಾಗಬೇಕು. "ಒಂದು ವೇಳೆ ಹೀಗಾದರೆ" ಅನ್ನುವಂತಿಲ್ಲ. ಪುಸ್ತಕದಲ್ಲಿ ಓದಿದ್ದೂ ಆಗದು. ಮಾತು ನಡೆಸುವವರು ತಮ್ಮ ಅಭಿಪ್ರಾಯ ಹೇಳುವಂತಿಲ್ಲ.

ಇದನ್ನು ಮೇಷ್ಟ್ರು ವಿವರಿಸಿದಾಗ ಹೊಲಿಗೆಯ ಅಕ್ಕ, "ಆಯ್ದಕ್ಕಿ ಲಕ್ಕಮ್ಮ ಮಾಡಿದ್ದೂ ಇದೇ ಅಲ್ವಾ ಮೇಷ್ಟ್ರೇ?" ಎಂದರು. ನಿಜ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ಆಯ್ದು ತಂದ. ಲಕ್ಕಮ್ಮ ಆಸೆಯ ಬಗ್ಗೆ ಉಪನ್ಯಾಸ ಶುರು ಮಾಡಲಿಲ್ಲ. ಕಣ್ಣೆದುರಿಗಿದ್ದ ಆ ಅಕ್ಕಿಯ ಬಗ್ಗೆಯೇ ಕೇಳಿದಳು, ಹೆಚ್ಚಿನದನ್ನು ತೆಗೆದುಕೊಂಡು ಹೋಗಿ ಸುರಿದು ಬಾ ಎಂದಳು. 12ನೇ ಶತಮಾನದ ಕಲ್ಯಾಣದಲ್ಲಿ ಪ್ರಶ್ನೆ ಕೇಳಿದವರಲ್ಲಿ ಅಂಬಿಗರಿದ್ದರು, ಮಡಿವಾಳರಿದ್ದರು. ಅವರ ಪ್ರಶ್ನೆಗಳಿಗೆ ಅವರ ಕಸುಬಿನ ವಾಸನೆ ಇತ್ತು. ನಾವು ಅವರ ಮಾತನ್ನು ಬಾಯಿಪಾಠ ಮಾಡಿದ್ದೇವೆ, ಅವರು ಕೇಳಿದ ರೀತಿಯನ್ನು ಬಿಟ್ಟಿದ್ದೇವೆ. ನನಗೆ ಇದು ನಿಜವಾಗಿಯೂ ನೋವಿನ ಸಂಗತಿ.

ನಮ್ಮದೇ ಎಂದು ಒಂದು ನಿಯಮ ಸೇರಿಸಿಕೊಂಡೆವು. ಮೊದಲ ಒಂದು ಗಂಟೆ ಯಾರೂ ವಚನ, ಗೀತೆ, ಕಗ್ಗ, ಗಾದೆ ಯಾವುದನ್ನೂ ಎತ್ತಬಾರದು. ಇದಕ್ಕೆ ಮೊದಲು ಮುನಿಸಿಕೊಂಡವರಿದ್ದಾರೆ. ಇದರಲ್ಲಿ ಹಿರಿಯರ ಮಾತಿಗೆ ಅಗೌರವ ಏನೂ ಇಲ್ಲ. ಒಂದು ಒಳ್ಳೆಯ ಸಾಲು ಬಂದರೆ ಎಲ್ಲರೂ ತಲೆದೂಗುತ್ತಾರೆ, ತಲೆದೂಗಿದ ಮೇಲೆ ಯಾರೂ ಯೋಚಿಸುವುದಿಲ್ಲ. ಕೊನೆಯ ಅರ್ಧ ಗಂಟೆ ಎಷ್ಟು ಬೇಕಾದರೂ ಹೇಳಬಹುದು. ಅಷ್ಟರಲ್ಲಿ ನಾವೇ ಒದ್ದಾಡಿರುತ್ತೇವಲ್ಲ, ಆಗ ಹಳೆಯ ಮಾತು ಬೇರೆಯದೇ ಥರ ಕೇಳಿಸುತ್ತದೆ.

ಫೋನುಗಳು ಕಿಟಕಿಯ ಹತ್ತಿರ ಒಂದು ಬುಟ್ಟಿಯಲ್ಲಿರುತ್ತವೆ. ಒಮ್ಮೆ ಎಂಎಸ್ಸಿ ಹುಡುಗ ಆ ವಾರದ ಪ್ರಶ್ನೆಯನ್ನು ಮೊದಲೇ ಎಐಗೆ ಕೇಳಿ, ಬಂದ ಉತ್ತರವನ್ನು ಪ್ರಿಂಟ್ ಹಾಕಿಸಿಕೊಂಡು ಬಂದಿದ್ದ. ಅಂಶಗಳೆಲ್ಲ ನೀಟಾಗಿದ್ದವು, ತಪ್ಪು ಅನ್ನುವಂಥದ್ದು ಏನೂ ಇರಲಿಲ್ಲ. ಆದರೆ ಅದರಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಅದನ್ನು ಮಡಚಿಟ್ಟು, "ನಿನಗೆ ಆಗಿದ್ದು ಹೇಳು ಮಗು" ಎಂದರು ಮೇಷ್ಟ್ರು. ಅವನು ಹಾಸ್ಟೆಲ್ ರೂಮ್‌ಮೇಟ್ ಜೊತೆ ಮಾತು ಬಿಟ್ಟ ಕಥೆ ಹೇಳಿದ. ಅವತ್ತಿನ ಮಾತು ಕ್ಷಮೆಯ ಬಗ್ಗೆ ಚೆನ್ನಾಗಿ ನಡೆಯಿತು.

ಒಂದು ಸಂಜೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹೇಳಬಹುದಾ ಎಂದು ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಗುಂಪಿನ ಒಬ್ಬ ಗೃಹಿಣಿಯ ಅತ್ತೆಗೆ ಮರೆವಿನ ಕಾಯಿಲೆ. ಡೊನೆಪೆಜಿಲ್ ಮಾತ್ರೆ ನಮ್ಮ ಅಂಗಡಿಯಿಂದಲೇ ಹೋಗುತ್ತದೆ. ಅವರು ಹೇಳಿದ ಘಟನೆ ಇದು. ಬೆಳಿಗ್ಗೆ ಅತ್ತೆಗೆ ತಲೆ ಬಾಚುತ್ತಿದ್ದಾಗ, ಅತ್ತೆ ಇವರ ಕೈ ಹಿಡಿದು, "ನೀನು ಯಾವಾಗ ಬಂದೆ, ಅಪ್ಪಯ್ಯ ಚೆನ್ನಾಗಿದಾರಾ?" ಎಂದರು. ಎಂದೋ ತೀರಿಕೊಂಡ ತಂಗಿ ಎಂದು ಇವರನ್ನು ತಿಳಿದಿದ್ದರು. ಇವರು, "ನಾನು ನಿಮ್ಮ ಸೊಸೆ ಅತ್ತೆ" ಎಂದು ಎರಡು ಸಲ ಹೇಳಿದರು. ಅತ್ತೆ ಹೆದರಿ ಕೈ ಎಳೆದುಕೊಂಡರು. ಆಮೇಲೆ ಅಡುಗೆಮನೆಯಲ್ಲಿ ಮೊರ ಕೊಟ್ಟು ಅಕ್ಕಿ ಹಾಕಿದರೆ, ಅದೇ ಅತ್ತೆ ಒಂದೇ ಒಂದು ಕಲ್ಲು ಬಿಡದೆ ಆರಿಸಿದರು. "ಅವರಿಗೆ ನಾನು ಯಾರು ಅಂತ ಗೊತ್ತಿಲ್ಲ. ಅವರು ಯಾರು ಅಂತ ಅವರಿಗೇ ಗೊತ್ತಿಲ್ಲ. ಹಾಗಾದ್ರೆ ನಾನು ಯಾರ ಸೇವೆ ಮಾಡ್ತಾ ಇದೀನಿ?" ಎಂದು ಕೇಳಿದರು.

ಬೋರ್ಡಿನ ಮೇಲೆ ನಾನು ಆ ಕೊನೆಯ ವಾಕ್ಯವನ್ನು ಅವರು ಹೇಳಿದ ಹಾಗೇ ಬರೆದೆ. "ನಾನು ಯಾರು" ಎಂದು ಬರೆದಿದ್ದರೆ ಎಲ್ಲರೂ ಗಂಭೀರವಾಗಿ ಕೂತು ಆತ್ಮ, ದೇಹ ಎಂದು ಶುರು ಮಾಡುತ್ತಿದ್ದರು. ಈಗ ಹಾಗಾಗಲಿಲ್ಲ. ಲೈನ್‌ಮನ್ ಮೊದಲು ಕೇಳಿದ್ದು, "ಅಕ್ಕಿ ಆರಿಸುವಾಗ ಅವರ ಮುಖ ಹೆಂಗಿತ್ತು?" ಎಂದು. ನೆಮ್ಮದಿಯಾಗಿತ್ತಂತೆ. ಮೊದಲಿನ ಹಾಗೆಯೇ ತುಟಿ ಬಿಗಿ ಹಿಡಿದು ಕೂತಿದ್ದರಂತೆ. "ಹಂಗಾದ್ರೆ ಅವರು ಅಲ್ಲೇ ಇದ್ದಾರೆ" ಎಂದರು ಲೈನ್‌ಮನ್. ಹುಡುಗ ಒಪ್ಪಲಿಲ್ಲ. ಕೈಗೆ ಅಭ್ಯಾಸ ಇರುವುದು ಬೇರೆ, ಮನುಷ್ಯ ಇರುವುದು ಬೇರೆ, ನೆನಪೇ ಹೋದ ಮೇಲೆ ಉಳಿದದ್ದು ಏನು ಎಂದ. ಹೊಲಿಗೆಯ ಅಕ್ಕ ಅವನಿಗೆ, "ನೀನು ಎರಡು ವರ್ಷದ ಮಗುವಾಗಿದ್ದಾಗಿಂದು ನಿಂಗೆ ಏನೂ ನೆನಪಿಲ್ಲ. ಆ ಮಗು ನೀನಲ್ವಾ?" ಎಂದು ಕೇಳಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹುಡುಗ, "ನಾನೇ. ಆದರೆ ಅದು ನಾನು ಅಂತ ಅಮ್ಮ ಹೇಳಿದ್ರಿಂದ ಗೊತ್ತು" ಎಂದ. ಆಗ ಆ ಗೃಹಿಣಿ ನಿಧಾನವಾಗಿ, "ಅಂದ್ರೆ ಅತ್ತೆ ಯಾರು ಅನ್ನೋದು ಈಗ ನನ್ನ ಹತ್ರ ಇದೆ" ಎಂದರು.

ಆ ಮಾತು ಬೋರ್ಡಿನ ಮೇಲೆ ಹೋಯಿತು. ಅಲ್ಲಿಂದ ಪ್ರಶ್ನೆ ಇನ್ನೊಂದು ಕಡೆ ತಿರುಗಿತು. ಅತ್ತೆ ಇವರನ್ನು ತಂಗಿ ಅಂದುಕೊಂಡರೆ, ಇವರು ತಂಗಿಯ ಹಾಗೇ "ಅಪ್ಪಯ್ಯ ಚೆನ್ನಾಗಿದಾರೆ" ಅನ್ನಬಹುದಾ? ಅದು ಸುಳ್ಳಲ್ಲವಾ? ಮೇಷ್ಟ್ರು ಸುಳ್ಳು ಸುಳ್ಳೇ ಎಂದು ಗಟ್ಟಿಯಾಗಿ ನಿಂತರು. ಲೈನ್‌ಮನ್ ಹೆದರಿಸುವ ಸತ್ಯ ಯಾರಿಗೆ ಬೇಕು ಎಂದರು. ಎರಡೂ ಬೇಡ, "ಅಪ್ಪಯ್ಯನ ಬಗ್ಗೆ ಹೇಳಿ ಅತ್ತೆ" ಎಂದು ಅವರನ್ನೇ ಮಾತಾಡಿಸಬಹುದು ಎಂದು ಸೂಚಿಸಿದ್ದು ಹೊಲಿಗೆಯ ಅಕ್ಕ. ಆ ಗೃಹಿಣಿ ಅದನ್ನು ಮಾಡಿ ನೋಡಿದರು. ಅತ್ತೆ ತಮ್ಮ ಅಪ್ಪನ ಎತ್ತಿನ ಗಾಡಿಯ ಕಥೆ ಹೇಳಿದರಂತೆ. ಸೊಸೆಯಾಗಿ ಬಂದು ಇಷ್ಟು ವರ್ಷದಲ್ಲಿ ಇವರು ಕೇಳಿರದ ಕಥೆ ಅದು.

ಕೊನೆಯ ಅರ್ಧ ಗಂಟೆಯಲ್ಲಿ ಮೇಷ್ಟ್ರು ಹಳಬರನ್ನು ಕರೆತಂದರು. ಒಬ್ಬ ಮನುಷ್ಯ ಅವನೇ ಎಂದು ಹೇಳುವುದು ಅವನ ಪ್ರಜ್ಞೆ, ನೆನಪುಗಳ ಮೂಲಕ ಎಂದು 17ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಲಾಕ್ ವಾದಿಸಿದ್ದ. ನಮ್ಮ ಹುಡುಗನ ಮಾತು ಅದಕ್ಕೆ ಹತ್ತಿರ. ಅದಕ್ಕೂ ಬಹಳ ಹಿಂದೆ ಬೌದ್ಧ ಭಿಕ್ಷು ನಾಗಸೇನ ಮಿಲಿಂದ ರಾಜನಿಗೆ, ರಥ ಅಂದರೆ ಯಾವುದು, ಚಕ್ರವಾ, ಅಚ್ಚಾ, ನೊಗವಾ ಎಂದು ಕೇಳಿದ್ದ. ಬಿಡಿಭಾಗ ಯಾವುದೂ ರಥ ಅಲ್ಲ, ಅವನ್ನು ಬಿಟ್ಟು ರಥ ಎಂದು ಬೇರೆ ಏನೂ ಇಲ್ಲ. ಮನುಷ್ಯನೂ ಹಾಗೆಯೇ ಅನ್ನುವುದು ಅವನ ಮಾತು. ಸುಮ್ನೆ ಕೇಳಿದ್ದರೆ ಜಾಣತನದ ಮಾತು ಅನ್ನಿಸುತ್ತಿತ್ತು. ಮೊರದ ಮುಂದೆ ಕೂತ ಅತ್ತೆಯನ್ನು ನೆನೆಸಿಕೊಂಡು ಕೇಳಿದಾಗ ಎಲ್ಲರ ಮೈ ಜುಮ್ಮೆಂದಿತು.

ಗುಂಪು ವಾರಕ್ಕೊಮ್ಮೆ. ಉಳಿದ ದಿನ ನಾನೊಬ್ಬನೇ ಮಾಡುವುದೂ ಇದೆ. ಅಂಗಡಿ ತೆರೆಯುವ ಮೊದಲು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು, ಆಮೇಲೆ ಅಲ್ಲಿನ ಕಲ್ಲುಬೆಂಚಿನ ಮೇಲೆ ನೋಟ್‌ಬುಕ್. ಎಡಗಡೆ ಪುಟದಲ್ಲಿ ನಿನ್ನೆ ನಡೆದದ್ದು, ಬಲಗಡೆ ಪುಟದಲ್ಲಿ ಅದರಿಂದ ಎದ್ದ ಪ್ರಶ್ನೆ. ಉತ್ತರ ಬರೆಯುವುದಿಲ್ಲ. ಅದೇ ಪ್ರಶ್ನೆ ಬೇರೆ ಬೇರೆ ಘಟನೆಗಳ ಎದುರು ಮತ್ತೆ ಮತ್ತೆ ಬಂದರೆ, ಅದು ನನ್ನದೇ ಪ್ರಶ್ನೆ ಎಂದು ಗುರುತು ಹಾಕುತ್ತೇನೆ. ನನ್ನ ನೋಟ್‌ಬುಕ್‌ನಲ್ಲಿ ಹೆಚ್ಚು ಸಲ ಬಂದದ್ದು, ದುಡ್ಡಿಲ್ಲದವರಿಗೆ ಉದ್ರಿ ಕೊಡುವಾಗ ನಾನು ಎಲ್ಲಿ ನಿಲ್ಲಬೇಕು ಅನ್ನುವುದು. ನ್ಯಾಯ, ದಯೆ ಅನ್ನುವ ದೊಡ್ಡ ಮಾತುಗಳು ನನ್ನ ಬದುಕಿನಲ್ಲಿ ಆ ಉದ್ರಿ ಪುಸ್ತಕದ ಒಳಗಿಂದಲೇ ಬಂದಿವೆ.

ಎಲ್ಲ ಪ್ರಶ್ನೆಯನ್ನೂ ಎತ್ತಿಕೊಳ್ಳುವುದಿಲ್ಲ. ಲೋಕಕ್ಕೆ ಕೊನೆ ಇದೆಯಾ ಇಲ್ಲವಾ ಎಂದು ಪಟ್ಟು ಹಿಡಿದ ತನ್ನ ಶಿಷ್ಯ ಮಾಲುಂಕ್ಯಪುತ್ತನಿಗೆ ಬುದ್ಧ ಬಾಣ ತಾಗಿದವನ ಕಥೆ ಹೇಳಿದ್ದು ಗೊತ್ತಿರಬಹುದು. ಬಾಣ ಬಿಟ್ಟವನ ಕುಲ, ಊರು ಯಾವುದು ಎಂದು ತಿಳಿಯುವವರೆಗೆ ಬಾಣ ಕೀಳಬೇಡಿ ಅಂದರೆ ಅಷ್ಟರಲ್ಲಿ ಪ್ರಾಣ ಹೋಗಿರುತ್ತದೆ. ಯಾರ ನಾಳೆಯನ್ನೂ ಮುಟ್ಟದ ಪ್ರಶ್ನೆಯನ್ನು ನಾವು ಬೇರೆ ದಿನಕ್ಕೆ ಇಡುತ್ತೇವೆ.

ಇನ್ನೊಂದು ಎಚ್ಚರ, ಇದರಲ್ಲಿ ನಾನು ತುಂಬಾ ಕಟ್ಟುನಿಟ್ಟು. "ಯಾಕೆ ಬದುಕಬೇಕು" ಎಂದು ಒಬ್ಬರು ಕೇಳಿದಾಗ ಅದು ಯೋಚನೆಯ ಪ್ರಶ್ನೆಯಾ, ಸಂಕಟದ ಕೂಗಾ ಎಂದು ಮೊದಲು ನೋಡಬೇಕು. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ವಸ್ತುಗಳನ್ನು ಯಾರಿಗೋ ಕೊಟ್ಟುಬಿಡುತ್ತಿದ್ದಾರೆ ಎಂದು ಕಂಡರೆ ಅಲ್ಲಿ ಚರ್ಚೆ ಮಾಡಬಾರದು. ಪಕ್ಕದಲ್ಲಿ ಕೂರಬೇಕು, ಮನೆಯವರಿಗೆ ತಿಳಿಸಬೇಕು, ವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕನ್ನಡದಲ್ಲೂ ಮಾತಾಡುತ್ತಾರೆ. ಆ ಸಂಖ್ಯೆಯನ್ನು ಕೌಂಟರಿನ ಗಾಜಿನ ಮೇಲೆ ಅಂಟಿಸಿದ್ದೇನೆ.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಶುರು ಮಾಡುವುದಾದರೆ ಮೂರು ಜನ ಸಾಕು. ಒಪ್ಪಿಗೆಗೆ ಬರಲೇಬೇಕು ಎಂದು ಹಟ ಬೇಡ. ಆದರೆ ಇನ್ನೊಬ್ಬರ ಮಾತನ್ನು ಅವರು "ಹೌದು, ಇದನ್ನೇ ಹೇಳಿದ್ದು" ಎಂದು ಒಪ್ಪುವ ಹಾಗೆ ತಿರುಗಿ ಹೇಳಲು ಬಂದಮೇಲೆ ಮಾತ್ರ ವಿರೋಧಿಸಿ. ನಮ್ಮಲ್ಲಿ ಅರ್ಧ ಜಗಳ ಇದರಿಂದಲೇ ನಿಂತಿದೆ. ಚೆನ್ನಾಗಿ ಮಾತಾಡುವವರಿಗೆ ಕೊನೆಯಲ್ಲಿ ಅವಕಾಶ ಕೊಡಿ, ಕಡಿಮೆ ಮಾತಾಡುವವರ ಘಟನೆ ಮೊದಲು ಬರಲಿ.

ಈಗ ನಮ್ಮಲ್ಲಿ ನಡೆಯುತ್ತಿರುವುದು ಲೈನ್‌ಮನ್ ತಂದ ಪ್ರಶ್ನೆ. ಗಾಳಿಮಳೆಗೆ ಮರ ಬಿದ್ದು ಎರಡು ಬೀದಿಗೆ ಕರೆಂಟ್ ಹೋಗಿತ್ತು. ಒಂದರಲ್ಲಿ ನೂರಾರು ಮನೆ. ಇನ್ನೊಂದರಲ್ಲಿ ಕೆಲವೇ ಮನೆ, ಆದರೆ ಒಂದು ಮನೆಯಲ್ಲಿ ಆಕ್ಸಿಜನ್ ಯಂತ್ರದ ಮೇಲಿರುವ ಅಜ್ಜ. ಇವರು ಅಜ್ಜನ ಬೀದಿಗೆ ಮೊದಲು ಹೋದರು. ದೊಡ್ಡ ಬೀದಿಯಲ್ಲಿ ನಾಳೆ ಪರೀಕ್ಷೆ ಇದ್ದ ಮಕ್ಕಳಿದ್ದರು ಎಂದು ಆಮೇಲೆ ಗೊತ್ತಾಯಿತು. ಮೇಷ್ಟ್ರು ಎಣಿಕೆ ಹಿಡಿದು ಕೂತಿದ್ದಾರೆ, ಹೊಲಿಗೆಯ ಅಕ್ಕ ಎಣಿಕೆಯೇ ತಪ್ಪು ಅನ್ನುತ್ತಾರೆ. ಹುಡುಗ ಮಾತ್ರ, ಆ ಅಜ್ಜನ ವಿಷಯ ನಿಮಗೆ ಗೊತ್ತಿರದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದ್ದಾನೆ. "ಒಂದು ವೇಳೆ" ಬೇಡ ಎಂದು ನಿಯಮ ನೆನಪಿಸಬೇಕಾಯಿತು, ಆದರೂ ಅವನ ಮಾತನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟಿದ್ದೇವೆ. ಮುಂದಿನ ವಾರ ಅಲ್ಲಿಂದಲೇ ಶುರು.