ಇಂಗ್ಲಿಷಿನಲ್ಲಿ ‘ಮೊದಲಿಗಿಂತ ಬದಲಾಗಿದೆ’ ಎಂದು ಬರೆಯಲು
ಯಾವುದೇ ಸ್ಥಿತಿ ಮೊದಲಿಗಿಂತ ಈಗ ಬದಲಾಗಿದೆ ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ‘ಹ್ಯಾಸ್ ಬಿಕಮ್’ ಅಥವಾ ‘ಹ್ಯಾವ್ ಬಿಕಮ್’ ಎಂಬುದರ ಮುಂದೆ ನೇರವಾಗಿ ಹೋಲಿಕೆಯ ಗುಣವಾಚಕವನ್ನು ಇಡಿ: ‘ದ ಟ್ರಾಫಿಕ್ ಹ್ಯಾಸ್ ಬಿಕಮ್ ವರ್ಸ್’, ‘ವೆಜಿಟಬಲ್ಸ್ ಹ್ಯಾವ್ ಬಿಕಮ್ ಚೀಪರ್’. ‘ಹ್ಯಾಸ್ ಬಿಕಮ್’, ‘ಹ್ಯಾವ್ ಬಿಕಮ್’ ಎಂಬ ಈ ಪ್ರೆಸೆಂಟ್ ಪರ್ಫೆಕ್ಟ್ ಕ್ರಿಯಾರೂಪವು ಹಿಂದೆ ಆದ ಬದಲಾವಣೆಯನ್ನು ಇಂದಿನ ಸ್ಥಿತಿಗೆ ಜೋಡಿಸುವುದರಿಂದ ಹೋಲಿಕೆಯ ಎರಡೂ ತುದಿಗಳು ಅದರಲ್ಲೇ ಅಡಗಿರುತ್ತವೆ. ಹೀಗಾಗಿ ‘ದ್ಯಾನ್ ಬಿಫೋರ್’ ಎಂದು ಸೇರಿಸುವುದು ಕಡ್ಡಾಯವಲ್ಲ. ‘ವರ್ಸ್’, ‘ಬೆಟರ್’, ‘ಚೀಪರ್’ ಪದಗಳ ಹಿಂದೆ ‘ಮೋರ್’ ಹಾಕಲೇಬಾರದು. ಮಕ್ಕಳ ಬರವಣಿಗೆಯಲ್ಲಿ ಮೇಲಿಂದ ಮೇಲೆ ನುಸುಳುವ ಈ ತಪ್ಪನ್ನು ಆರಂಭದಲ್ಲೇ ತಿದ್ದುವುದು ಒಳ್ಳೆಯದು. ‘ಲಾಸ್ಟ್ ಇಯರ್’, ‘ಇನ್ 2020’ ಎಂದು ಮುಗಿದುಹೋದ ಕಾಲವನ್ನು ಹೆಸರಿಸಿದರೆ ಮಾತ್ರ ಈ ರಚನೆ ಸಲ್ಲದು, ಅಲ್ಲಿ ‘ಬಿಕೇಮ್ ವರ್ಸ್’ ಎಂದೇ ಬರೆಯಬೇಕು. ‘ಸಿನ್ಸ್ 2020’ ಎಂಬುದು ಇಂದಿನವರೆಗೂ ಚಾಚುವುದರಿಂದ ಅದರೊಂದಿಗೆ ‘ಹ್ಯಾಸ್ ಬಿಕಮ್’ ಸರಿಯಾಗಿ ಹೊಂದುತ್ತದೆ.